ಇಡುಗಂಟು ಯಾರದು?

(ಬಾನುಲಿ ಭಾಷಣ)

'ಸಂಬಳ' ಎಂಬ ಮಾತಿಗೆ ನಿಘಂಟಿನಲ್ಲಿ ಎರಡು ಅರ್ಥಗಳು ದೊರೆಯುತ್ತವೆ. ದಾರಿಯ ಬುತ್ತಿ ಎಂಬುದು ಒಂದು. ಕೂಲಿ, ವೇತನ ಎಂಬುದು ಇನ್ನೊಂದು. ಸಂಸ್ಕೃತದ 'ಶಂಬಲ'ದಿಂದ ಬಂದ ಮಾತಿದು. ದೂರದ ಊರಿಗೆ ಹೊರಟವನು ಹೆಗಲ ಗಂಟಿನಲ್ಲಿ ಕಟ್ಟಿಕೊಂಡು ಹೋಗುವುದು ಸಂಬಳ. ತಿಂಗಳ ಸಂಬಳ ತಿಂಗಳಿನಲ್ಲಿಯೇ ಕರಗಿಹೋಗುವ ಈ ಕಾಲದಲ್ಲಿ ಬುತ್ತಿಯೆಂಬ ಆ ಹಳೆಯ ಅರ್ಥವನ್ನು ಉಳಿಸಿಕೊಂಡಿರುವುದು ಅದರ ಒಂದು ಚೂರು ಮಾತ್ರ: ಇಂದು ದುಡಿದು, ಇಂದು ಕೈಗೆ ಬಾರದೆ, ಮುಂದೆಂದೋ ಬರಬೇಕಾದ ಚೂರು. ಭವಿಷ್ಯನಿಧಿ, ಉಪದಾನ, ಪಿಂಚಣಿ ಎಂದು ಸರ್ಕಾರಿ ಕಾಗದಗಳು ಅದನ್ನು ಕರೆಯುತ್ತವೆ. ನಮ್ಮ ಹಿರಿಯರ ಮಾತಿನಲ್ಲಿ ಅದು ಇಡುಗಂಟು.

ಈ ಗಂಟು ಯಾವಾಗ ನನ್ನದಾಗುತ್ತದೆ? ಯಾವಾಗ ನಾನದನ್ನು ಬಿಚ್ಚಬಹುದು? ನಡುವೆ ನಿಯಮ ಬದಲಾದರೆ ಹಿಂದೆ ಕಟ್ಟಿದ ಗಂಟಿಗೆ ಹಳೆಯ ನಿಯಮವೋ, ಹೊಸ ನಿಯಮವೋ? ಇವು ಲೆಕ್ಕಿಗರ ಪ್ರಶ್ನೆಗಳೆಂದೂ, ಹಳಗನ್ನಡ ಪಾಠ ಹೇಳಿಕೊಂಡಿದ್ದ ನನ್ನಂಥವರಿಗೆ ಸಲ್ಲದವೆಂದೂ ನಾನು ಬಹುಕಾಲ ಭಾವಿಸಿದ್ದೆ. 2016ರ ಏಪ್ರಿಲ್ 19ರಂದು ಆ ಭಾವನೆ ಹೋಯಿತು.

ನಾನಿರುವುದು ತುಮಕೂರು ರಸ್ತೆಯ ನಾಗಸಂದ್ರದಲ್ಲಿ. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ತಲೆಯೆತ್ತಿದ ಮೇಲೆ ಈ ಕಡೆಯ ಹಳ್ಳಿಗಳೆಲ್ಲ ಒಂದೊಂದಾಗಿ ವಠಾರಗಳಾದವು. ಬೆಳಗ್ಗೆ ಎಂಟರ ಹೊತ್ತಿಗೆ ನಮ್ಮ ಬೀದಿಯಲ್ಲಿ ನಿಂತರೆ ಊಟದ ಡಬ್ಬಿ ಹಿಡಿದು ಬಿರುಸಾಗಿ ನಡೆಯುವ ಹೆಂಗಸರ ಸಾಲನ್ನು ಕಾಣಬಹುದು. 'ಎಲ್ಲಿಗೆ?' ಎಂದರೆ 'ಗಾರ್ಮೆಂಟ್ಸ್‌ಗೆ' ಎಂಬ ಒಂದೇ ಉತ್ತರ. ಕುಣಿಗಲ್ಲಿನವರು, ಮಧುಗಿರಿಯವರು, ಮಾಗಡಿಯವರು. ನಾನು ಆಗ ಮಲ್ಲೇಶ್ವರದ ಕಾಲೇಜೊಂದರಲ್ಲಿ ಅಧ್ಯಾಪಕನಾಗಿದ್ದೆ. ನಿವೃತ್ತಿಗೆ ಕೆಲವೇ ವರ್ಷಗಳಿದ್ದವು. ಆ ಮಂಗಳವಾರ ಮಧ್ಯಾಹ್ನ ನಾನು ಹತ್ತಿದ ಬಸ್ಸು ಗೊರಗುಂಟೆಪಾಳ್ಯದಲ್ಲಿಯೇ ನಿಂತುಬಿಟ್ಟಿತು. ಮುಂದೆ ದಾರಿಯಿಲ್ಲ ಎಂದರು. ಮೆಟ್ರೋ ರೈಲನ್ನು ವಿಚಾರಿಸಬಹುದಾಗಿತ್ತು. ಏನಾಗಿದೆಯೆಂದು ನೋಡುವ ಕುತೂಹಲ ಬಿಡಲಿಲ್ಲ. ನಡೆದೇ ಹೊರಟೆ.

ಜಾಲಹಳ್ಳಿ ಕ್ರಾಸಿನ ಬಳಿಗೆ ಬಂದಾಗ ರಸ್ತೆಯ ಡಾಂಬರು ಕಾಣದಂತೆ ಹೆಂಗಸರು ಕುಳಿತಿದ್ದರು. ಬಾವುಟವಿರಲಿಲ್ಲ, ಧ್ವನಿವರ್ಧಕವಿರಲಿಲ್ಲ, ನಾಯಕರೆನಿಸುವ ಯಾರೊಬ್ಬರೂ ಇರಲಿಲ್ಲ. ಹಿಂದಿನ ದಿನ ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಕಾರ್ಖಾನೆಯಿಂದ ಹೊರಬಂದ ಹೆಂಗಸರಿಂದ ಆರಂಭವಾದದ್ದು ಒಂದೇ ರಾತ್ರಿಯಲ್ಲಿ ನಗರದ ಈ ತುದಿಯನ್ನು ಮುಟ್ಟಿತ್ತು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಬೀದಿಗಿಳಿದಿದ್ದರೆಂದು ಮರುದಿನದ ಪತ್ರಿಕೆಗಳು ಬರೆದವು. ಹೆಬ್ಬಗೋಡಿಯಲ್ಲಿ ಪೊಲೀಸ್ ಠಾಣೆಯ ಮೇಲೆ ಕಲ್ಲು ಬಿತ್ತು, ವಾಹನಗಳು ಉರಿದವು. ಲಾಠಿ, ಅಶ್ರುವಾಯು ಎಲ್ಲವೂ ಆದವು. ಅದನ್ನು ನಾನು ಸಮರ್ಥಿಸಲಾರೆ. ಆದರೆ ಬೆಂಗಳೂರಿನ ಬೇರೆ ಬೀದಿಗಳಲ್ಲಿ ಅಂದು 'ಈ ಹೆಂಗಸರಿಗೆ ಏನು ಬೇಕಂತೆ?' ಎಂದು ಕೇಳುತ್ತಿದ್ದವರಿಗೆ ಉತ್ತರ ತಿಳಿದಿರಲಿಲ್ಲವೆಂಬುದು ನಿಜ. ಸಂಬಳ ಹೆಚ್ಚಿಸಿರೆಂದು ಅವರು ಕೇಳಿರಲಿಲ್ಲ. ಈಗಾಗಲೇ ದುಡಿದದ್ದನ್ನು ಮುಟ್ಟಬೇಡಿರಿ ಎಂದಷ್ಟೇ ಕೇಳಿದ್ದರು.

ಸಂಗತಿ ಹೀಗಿತ್ತು. ಭವಿಷ್ಯನಿಧಿಗೆ ದುಡಿಯುವವರ ವೇತನದಿಂದ ನೂರಕ್ಕೆ 12ರಷ್ಟು ಕಡಿತವಾಗುತ್ತದೆ. ಮಾಲೀಕರೂ ಅಷ್ಟನ್ನೇ ಸೇರಿಸಬೇಕು. ಮಾಲೀಕರ ಆ 12ರಲ್ಲಿ 8.33 ಭಾಗ ಪಿಂಚಣಿಯ ನಿಧಿಗೆ ಹೋಗುತ್ತದೆ, ಉಳಿದ 3.67 ಭಾಗ ಕಾರ್ಮಿಕರ ಖಾತೆಗೆ ಸೇರುತ್ತದೆ. ಕೆಲಸ ಬಿಟ್ಟು ಎರಡು ತಿಂಗಳು ಬೇರೆ ಕೆಲಸವಿಲ್ಲದಿದ್ದರೆ ಖಾತೆಯ ಹಣವನ್ನೆಲ್ಲ ತೆಗೆದುಕೊಳ್ಳಬಹುದೆಂಬುದು ಅದುವರೆಗಿನ ನಿಯಮ. 2016ರ ಫೆಬ್ರವರಿ 10ರ ಅಧಿಸೂಚನೆ ಇದನ್ನು ಬದಲಿಸಿತು. ಕಾರ್ಮಿಕರು ತಮ್ಮ ಪಾಲನ್ನು ಮಾತ್ರ ತೆಗೆದುಕೊಳ್ಳಬಹುದು. ಮಾಲೀಕರ ಪಾಲು 58 ವರ್ಷ ತುಂಬುವವರೆಗೆ ಅಲ್ಲಿಯೇ ಇರತಕ್ಕದ್ದು.

ತಿಂಗಳಿಗೆ 7,000 ರೂಪಾಯಿಯ ವೇತನವೆಂದು ಇಟ್ಟುಕೊಳ್ಳೋಣ. ಕಾರ್ಮಿಕಳ ಪಾಲು 840 ರೂಪಾಯಿ. ಮಾಲೀಕರ ಕಡೆಯಿಂದ ಖಾತೆಗೆ ಬರುವುದು 257 ರೂಪಾಯಿ. ಏಳು ವರ್ಷ ದುಡಿದರೆ ಬಡ್ಡಿಯನ್ನು ಬಿಟ್ಟು ಆ ಪಾಲು ಸುಮಾರು 21,500 ರೂಪಾಯಿ. ದೆಹಲಿಯ ಕಡತದಲ್ಲಿ ಇದು ಒಂದು ಸೊನ್ನೆಯ ಬಾಲವೂ ಅಲ್ಲ. ನಾಗಸಂದ್ರದ ವಠಾರದಲ್ಲಿ ಅದು ಮಗಳ ಒಂದು ವರ್ಷದ ಕಾಲೇಜು ಫೀಜು, ಊರಿನ ಮನೆಯ ಸೂರು, ಅಥವಾ ಕೈಸಾಲದ ಕೊನೆಯ ಕಂತು.

ನಮ್ಮ ಮನೆಯ ಹಿಂದಿನ ವಠಾರದಲ್ಲಿ ಹೊಲಿಗೆಯ ಕೆಲಸದ ತಾಯಿಯೊಬ್ಬರಿದ್ದಾರೆ. ಆಗ ಅವರಿಗೆ ಮೂವತ್ತೆಂಟು ವರ್ಷ. ಅಂದು ಸಂಜೆ ಅವರು ಕಾಲು ಎಳೆಯುತ್ತ ಹಿಂತಿರುಗಿದಾಗ ನಾನು, 'ಏನಮ್ಮಾ, ಮುದಿಗಾಲಕ್ಕೆ ಇರಲಿ ಅಂತ ತಾನೇ ಸರ್ಕಾರ ಹೇಳೋದು? ದುಡ್ಡು ಎಲ್ಲಿಗೂ ಹೋಗಲ್ಲವಲ್ಲ' ಎಂದೆ. ಅಧ್ಯಾಪಕರಿಗೆ ಬುದ್ಧಿ ಹೇಳುವ ಚಟವೊಂದಿರುತ್ತದೆ. ಅವರು ನಿಂತು, 'ಮೇಷ್ಟ್ರೇ, ಐವತ್ತೆಂಟು ಆಗೋವರ್ಗೂ ಮಿಷನ್ ಮುಂದೆ ಕೂತಿರೋರನ್ನ ಎಲ್ಲಾದ್ರೂ ಕಂಡಿದ್ದೀರಾ? ನಲವತ್ತೈದಕ್ಕೆಲ್ಲ ಕಣ್ಣು ಹೋಯ್ತದೆ, ಸೊಂಟ ಹೋಯ್ತದೆ. ಸೇರ್ಕೊಂಡಾಗ ಒಂದು ಮಾತು, ಬಿಡೋವಾಗ ಒಂದು ಮಾತಾ?' ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಕೇಂದ್ರದ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಅಧಿಸೂಚನೆಯನ್ನು ಹಿಂತೆಗೆದುಕೊಂಡಿರುವುದಾಗಿ ಪ್ರಕಟಿಸಿದ ಸುದ್ದಿ ಬಂತು.

ಸೇರುವಾಗ ಒಂದು ಮಾತು, ಬಿಡುವಾಗ ಒಂದು ಮಾತು. ಈ ಪ್ರಶ್ನೆ ನನಗೆ ಹಳೆಯ ಪರಿಚಯದ್ದೆನಿಸಿತು. ಎಲ್ಲಿ ಕಂಡದ್ದೆಂದು ಹೊಳೆಯಲು ಎರಡು ದಿನ ಬೇಕಾಯಿತು. ಕಂಡದ್ದು ಶಾಸನಗಳಲ್ಲಿ. ಬೊಮ್ಮನಹಳ್ಳಿಯಿಂದ ಕೆಲವೇ ಮೈಲಿ ದೂರದಲ್ಲಿರುವ ಬೇಗೂರನ್ನು 'ಬೆಂಗಳೂರು' ಎಂಬ ಹೆಸರಿನ ಹಳೆಯ ಉಲ್ಲೇಖಕ್ಕಾಗಿ ಎಲ್ಲರೂ ನೆನೆಯುತ್ತಾರೆ. ಅದೇ ಬೇಗೂರಿನ ಇನ್ನೊಂದು ವೀರಗಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಅಚ್ಚಾಯಿತು; ಈ ಶಾಸನದ ಪಾಠ ಅಲ್ಲಿದೆ. ಗಂಗರ ಎರೆಯಪ್ಪನ ಕಾಲದ್ದು. ತುಂಬೆಪಾಡಿಯ ಕಾಳಗದಲ್ಲಿ ವೀರಮಹೇಂದ್ರನ ಪಡೆಯೊಡನೆ ಕಾದಿ ನಾಗತ್ತರನು ಮಡಿದನು. ಅದನ್ನು ಕೇಳಿ ಎರೆಯಪ್ಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಬೆಂಪೂರೆಂದರೆ ಇಂದಿನ ಬೇಗೂರು. ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಕಲ್ಲಿನಲ್ಲಿ ಕಡೆಯಲಾಗಿದೆ. ದುಡಿದವನು ಒಬ್ಬ, ಪಡೆದವನು ಇನ್ನೊಬ್ಬ. ನಡುವೆ ಇರುವುದು ಒಂದು ಮಾತು, ಆ ಮಾತಿಗೆ ಸಾಕ್ಷಿಯಾಗಿ ಒಂದು ಕಲ್ಲು.

ಇಂಥ ಕೊಡುಗೆಗಳಿಗೆ ನಮ್ಮಲ್ಲಿ ಎಷ್ಟು ಹೆಸರುಗಳು! ರಕ್ತ ಸುರಿಸಿದ್ದಕ್ಕೆ ನೆತ್ತರುಗೊಡಗೆ. ಕತ್ತಿಯನ್ನು ತೊಳೆದು ಕೊಟ್ಟದ್ದು ಬಾಳ್ಗಳ್ಚು. ಆತಕೂರಿನ ಪ್ರಸಿದ್ಧ ಶಾಸನದಲ್ಲಿ, ತಕ್ಕೋಲದ ಯುದ್ಧವಾದ ಮೇಲೆ, ಗಂಗರ ಬೂತುಗನು ಮಣಲೇರನಿಗೆ ಕೊಟ್ಟದ್ದು ಬಾಳ್ಗಳ್ಚು. ಆ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿನದೂ ಹೌದೆಂಬುದನ್ನು ವಿದ್ಯಾರ್ಥಿಗಳೆಲ್ಲ ಬಲ್ಲರು. ಆದರೆ ಕಲ್ಲನ್ನು ಪೂಜಿಸುವ ಗೊರವನಿಗೆ ಬಿಟ್ಟ ಭೂಮಿಗೊಂದು ಷರತ್ತು ಇದೆ: ಪೂಜೆ ಮಾಡದೆ ಉಂಡರೆ ಆತ ನಾಯಿಯ ಪಾಪಕ್ಕೆ ಗುರಿಯಾಗುತ್ತಾನೆ. ಭವಿಷ್ಯನಿಧಿಯ ನಿಯಮಾವಳಿಯನ್ನು ಬರೆಯುವವರು ಇದಕ್ಕಿಂತ ಸ್ಪಷ್ಟವಾಗಿ ಷರತ್ತನ್ನು ಬರೆದದ್ದನ್ನು ನಾನು ಕಂಡಿಲ್ಲ.

ಷರತ್ತು ಪಡೆದವನಿಗೆ ಮಾತ್ರವಲ್ಲ. ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಭಾಗವನ್ನು ನಾವು ಪಾಠದಲ್ಲಿ ಹಾರಿಸಿಬಿಡುತ್ತೇವೆ. ಎಲ್ಲ ಶಾಸನಗಳಲ್ಲಿಯೂ ಒಂದೇ ಬಗೆಯದೆಂದು ನಾನೂ ಹಾರಿಸಿದ್ದೇನೆ. ಕೊಟ್ಟದ್ದು ಸೂರ್ಯಚಂದ್ರರಿರುವವರೆಗೆ ನಡೆಯಬೇಕು. ಅಳಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ತಾನು ಕೊಟ್ಟದ್ದನ್ನು ಕಾಯುವುದಕ್ಕಿಂತ ಹಿಂದಿನವರು ಕೊಟ್ಟದ್ದನ್ನು ಕಾಯುವುದು ಹೆಚ್ಚಿನ ಪುಣ್ಯ. ಈ ಮಾತುಗಳು ಯಾರಿಗೆ? ಕೊಟ್ಟ ಅರಸನಿಗಲ್ಲ. ಇನ್ನೂ ಹುಟ್ಟದ ಅರಸರಿಗೆ, ಮುಂದೆ ನಿಯಮ ಬದಲಿಸಬಲ್ಲವರಿಗೆ. ಕೊಟ್ಟವನ ವಂಶ ಅಳಿಯಬಹುದು, ರಾಜ್ಯವೇ ಬೇರೆಯವರ ಪಾಲಾಗಬಹುದು; ಆದರೂ ಕೊಟ್ಟ ಗಂಟು ನಿಲ್ಲಬೇಕೆಂಬುದನ್ನು ಗೊತ್ತಿದ್ದ ಒಂದೇ ಉಪಾಯದಿಂದ, ಪಾಪದ ಭಯದಿಂದ, ಕಟ್ಟಿಹಾಕಲು ನೋಡಿದ್ದಾರೆ. ಎಲ್ಲ ಅರಸರೂ ಹೆದರಿದರೆಂದಲ್ಲ. ಹೆದರಿದ್ದರೆ ಶಾಪವನ್ನು ಅಷ್ಟು ಬಾರಿ ಕಡೆಯುವ ಅಗತ್ಯ ಬೀಳುತ್ತಿರಲಿಲ್ಲ.

ವೀರರ ಮಾತು ಹಾಗಿರಲಿ. ಊರ ಸೇವೆಯವರ ಗಂಟು ಬಹುಕಾಲ ಭೂಮಿಯಾಗಿಯೇ ಉಳಿಯಿತು. ಶಾನುಭೋಗ, ಪಟೇಲ, ತೋಟಿ, ತಳವಾರ ಇವರಿಗೆ ಸೇವೆಗಾಗಿ ಬಿಟ್ಟ ಇನಾಂ ಭೂಮಿಗಳಿದ್ದವು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳು ಹೋದವು. ಹುದ್ದೆ ಹೋದ ಮೇಲೆ ಅದರ ಭೂಮಿಯೂ ಸರ್ಕಾರಕ್ಕೆ ಸೇರಿತು. ಆದರೆ ಅಲ್ಲಿಗೆ ಮುಗಿಸದೆ, ನಿಗದಿಯಾದ ಹಣ ಕಟ್ಟಿದರೆ ಅದೇ ಹಿಡುವಳಿದಾರರಿಗೆ ಮರುಮಂಜೂರು ಮಾಡುವ ದಾರಿಯನ್ನು ಕಾಯಿದೆಯೇ ಇಟ್ಟಿತು. 1978ರ ತಿದ್ದುಪಡಿ, ಮರುಮಂಜೂರಾದ ಭೂಮಿಯನ್ನು 15 ವರ್ಷ ಪರಭಾರೆ ಮಾಡಕೂಡದೆಂದಿತು. ಕೊಟ್ಟದ್ದು ನಿನ್ನದೇ, ಆದರೆ ಈಗಲೇ ಬಿಚ್ಚಬೇಡ ಎಂಬುದು ಇದರ ಅರ್ಥ. ಬೆಂಗಳೂರಿನ ಸುತ್ತಮುತ್ತ ಎಷ್ಟೋ ಬಡಾವಣೆಗಳ ವ್ಯಾಜ್ಯಗಳನ್ನು ಕೆದಕಿದರೆ ಅಡಿಯಲ್ಲಿ ಒಬ್ಬ ತೋಟಿಯ ಇನಾಂತಿ ಇರುತ್ತದೆ.

ಕಾರ್ಖಾನೆಯ ದುಡಿಮೆಗಾರರಿಗೆ ಭೂಮಿಯೆಲ್ಲಿ? ಅವರಿಗೆ ಗಂಟು ಕಟ್ಟಲು 1951ರ ನವೆಂಬರ್ 15ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. 1952ರಲ್ಲಿ ಅದು ಭವಿಷ್ಯನಿಧಿ ಕಾಯಿದೆಯಾಯಿತು. ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಉಕ್ಕು, ಕಾಗದ, ಜವಳಿ ಎಂಬ ಆರು ಉದ್ಯಮಗಳಿಗೆ ಮೊದಲು ಅನ್ವಯಿಸಿತು. ಸಾಲ ಕೊಟ್ಟವನು ನ್ಯಾಯಾಲಯದಿಂದ ತೀರ್ಪು ತಂದರೂ ಈ ಹಣವನ್ನು ಜಫ್ತಿ ಮಾಡುವಂತಿಲ್ಲವೆಂದು ಕಾಯಿದೆ ಹೇಳಿತು. ಶಾಸನಗಳ 'ಸರ್ವಬಾಧಾಪರಿಹಾರ'ವೆಂಬ ಮಾತು ನನಗಿಲ್ಲಿ ನೆನಪಾಗುತ್ತದೆ. ಆದರೆ ಆ ಮೊದಲ ದಶಕಗಳಲ್ಲಿ ಮಾಲೀಕರ ಪಾಲು ಪೂರ್ತಿಯಾಗಿ ಕಾರ್ಮಿಕರದಾಗಿರಲಿಲ್ಲ. ಸೇವೆ ಕಡಿಮೆಯಾದಷ್ಟೂ ಆ ಪಾಲಿನಲ್ಲಿ ಕಡಿತ. ಕಡಿದ ಹಣಕ್ಕೆ ನಿಧಿಯಲ್ಲಿ ಮುಟ್ಟುಗೋಲಿನ ಖಾತೆಯೆಂದು ಬೇರೊಂದು ಖಾತೆಯೇ ಇತ್ತು. ಆ ಕಡಿತ ಮುಂದೆ ರದ್ದಾಯಿತು. ದುಡಿದ ದಿನವೇ ಮಾಲೀಕರ ಪಾಲೂ ದುಡಿದವರದೆಂಬ ತತ್ತ್ವ ಹಾಗೆ ನೆಲೆಗೊಂಡಿತು. 2016ರ ಅಧಿಸೂಚನೆ ಆ ಪಾಲನ್ನು ಕಸಿದುಕೊಳ್ಳಲಿಲ್ಲ, ನಿಜ, ಬಡ್ಡಿಯೂ ನಡೆಯುತ್ತಿತ್ತು. ಆದರೆ ಬಿಚ್ಚುವ ಹಕ್ಕಿಲ್ಲದ ಗಂಟು ನನ್ನದೆಂದು ಹೇಳಿಕೊಳ್ಳಲು ಸ್ವಲ್ಪ ವೇದಾಂತ ಬೇಕಾಗುತ್ತದೆ.

1972ರ ಸೆಪ್ಟೆಂಬರ್ 16ರಿಂದ ಜಾರಿಗೆ ಬಂದ ಉಪದಾನ ಕಾಯಿದೆಯಲ್ಲಿ ಗಂಟು ಒಮ್ಮೆಗೇ ಕಟ್ಟಿಕೊಳ್ಳುತ್ತಿತ್ತು. ಐದು ವರ್ಷ ಎಡೆಬಿಡದ ಸೇವೆಯಾದರೆ ವರ್ಷಕ್ಕೆ ಹದಿನೈದು ದಿನದ ವೇತನ. ಅದಕ್ಕಿಂತ ಮುಂಚೆ ಬಿಟ್ಟರೆ ಏನೂ ಇಲ್ಲ. ಸಾವು ಮತ್ತು ಅಂಗವೈಕಲ್ಯಕ್ಕೆ ಮಾತ್ರ ವಿನಾಯಿತಿ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಈ ಕಾಯಿದೆ ಅದರಲ್ಲಿ ಸೇರಿಹೋಯಿತು. ಗೊತ್ತುಪಡಿಸಿದ ಅವಧಿಗೆ ನೇಮಕವಾದವರಿಗೆ ಒಂದೇ ವರ್ಷಕ್ಕೆ ಉಪದಾನ ದೊರೆಯುವಂತಾಯಿತು. ಉಳಿದವರಿಗೆ ಐದು ವರ್ಷದ ಹೊಸ್ತಿಲು ಹಾಗೆಯೇ ಇದೆ. ಆ ಹೊಸ್ತಿಲ ಈಚೆಗೇ ನಿಂತುಹೋದ ಹೆಂಗಸರನ್ನು ನಾಗಸಂದ್ರದಲ್ಲಿ ಲೆಕ್ಕ ಮಾಡಲು ಕುಳಿತರೆ ಸಂಜೆಯಾಗುತ್ತದೆ.

ಇನ್ನು ಪಿಂಚಣಿ. ಇದು ಅರಸನ ದಯೆಯೋ, ದುಡಿದವನ ಹಕ್ಕೋ ಎಂಬ ವಾದ 1971ರಲ್ಲಿ ದೇವಕೀನಂದನ್ ಪ್ರಸಾದ್ ಅವರ ಮೊಕದ್ದಮೆಯಲ್ಲಿಯೇ ಇತ್ಯರ್ಥವಾಗಿತ್ತು: ಹಕ್ಕು. 1982ರ ಡಿಸೆಂಬರ್ 17ರಂದು ನಕಾರಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪಿಂಚಣಿಯ ಲೆಕ್ಕವನ್ನು ಉದಾರಗೊಳಿಸಿದ ಸರ್ಕಾರ, 1979ರ ಮಾರ್ಚ್ 31ರಂದು ಸೇವೆಯಲ್ಲಿದ್ದು ಅಂದು ಅಥವಾ ಅನಂತರ ನಿವೃತ್ತರಾದವರಿಗೆ ಮಾತ್ರ ಅದು ಸಲ್ಲತಕ್ಕದ್ದೆಂದು ಗೆರೆ ಎಳೆದಿತ್ತು. ಒಂದು ದಿನ ಮೊದಲು ನಿವೃತ್ತನಾದವನು ಗೆರೆಯ ಆಚೆ. ನ್ಯಾಯಮೂರ್ತಿ ಡಿ. ಎ. ದೇಸಾಯಿ ಅವರು ಬರೆದ ತೀರ್ಪು ಆ ಗೆರೆಯನ್ನು ಅಳಿಸಿತು.

ಆದರೆ ಗೆರೆ ಎಳೆಯುವ ಕೆಲಸ ನಿಲ್ಲಲಿಲ್ಲ. ಕೇಂದ್ರದಲ್ಲಿ 2004ರ ಜನವರಿ 1, ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1: ಅಂದಿನಿಂದ ಸೇರಿದವರಿಗೆ ಹಳೆಯ ಪಿಂಚಣಿಯಿಲ್ಲ, ವಂತಿಗೆಯ ಹೊಸ ಪದ್ಧತಿ. ನಾನು ಗೆರೆಯ ಈಚೆಯವನು. ಕೊನೆಯ ವೇತನದ ಅರ್ಧದ ಲೆಕ್ಕದಲ್ಲಿ ಬರುವ ಪಿಂಚಣಿಯನ್ನು ತಿಂಗಳಿಗೊಮ್ಮೆ ಬ್ಯಾಂಕಿನಲ್ಲಿ ಎಣಿಸಿಕೊಳ್ಳುತ್ತೇನೆ. ನನ್ನ ಪಕ್ಕದ ಮೇಜಿನಲ್ಲಿ ಕುಳಿತು ಅದೇ ಪಂಪನನ್ನು, ಬಹುಶಃ ನನಗಿಂತ ಚೆನ್ನಾಗಿ, ಪಾಠ ಹೇಳಿದ ಕಿರಿಯ ಗೆಳೆಯ ಗೆರೆಯ ಆಚೆಯವನು. 'ಸಾರ್, ನಮ್ಮ ಸ್ಟಾಫ್ ರೂಮಿನಲ್ಲಿ ಪಂಕ್ತಿಭೇದ' ಎಂದು ಅವನು ನಗುವುದುಂಟು. ಆ ನಗೆಯ ಮುಂದೆ ನಾನು ಸ್ವಲ್ಪ ಕುಗ್ಗುತ್ತೇನೆ. ಆದರೂ ಅವನು ಸೇರುವಾಗ ಊಟದ ಪಟ್ಟಿ ಅವನಿಗೆ ತಿಳಿದಿತ್ತು. ತಿಳಿಯದೆ ಸಿಕ್ಕಿಬಿದ್ದವರೂ ಇದ್ದರು: 2006ರ ಏಪ್ರಿಲಿಗೆ ಮೊದಲೇ ಅಧಿಸೂಚನೆಯಾಗಿ, ನೇಮಕ ತಡವಾಗಿ, ಆ ತಾರೀಕಿನ ನಂತರ ಕೆಲಸಕ್ಕೆ ಸೇರಿದವರು. ಅಂಥ ಸುಮಾರು 13,000 ನೌಕರರಿಗೆ ಹಳೆಯ ಪಿಂಚಣಿಯನ್ನು ಆರಿಸಿಕೊಳ್ಳುವ ಅವಕಾಶವನ್ನು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಕೊಟ್ಟಿತು.

ಹೊಸದಾಗಿ ಪಂಕ್ತಿಗೆ ಕುಳಿತವರಿಗೆ ಬೇರೆ ಅಡುಗೆ ಎನ್ನುವುದು ಒಂದು. ಎಲೆಗೆ ಬಡಿಸಿದ ಅನ್ನವನ್ನು ಹಿಂದಕ್ಕೆ ತೆಗೆಯುವುದು ಇನ್ನೊಂದು. ಮೊದಲನೆಯದರ ಬಗ್ಗೆ ವಾದ ಮಾಡಬಹುದು, ಮಾಡುತ್ತಲೂ ಇದ್ದೇವೆ. ಎರಡನೆಯದನ್ನು ನಮ್ಮ ಕಡೆ ಯಾವ ಬಡವನೂ ಸಹಿಸುವುದಿಲ್ಲ. ಈ ಭೇದವನ್ನು ಬಲ್ಲ ನಿಯಮಗಳೂ ಇವೆ. 1971ರ ಕುಟುಂಬ ಪಿಂಚಣಿ ಯೋಜನೆಯ ಜಾಗದಲ್ಲಿ 1995ರ ನವೆಂಬರ್ 16ರಿಂದ ನೌಕರರ ಪಿಂಚಣಿ ಯೋಜನೆ ಬಂದಾಗ, ಹಳೆಯ ಯೋಜನೆಯಲ್ಲಿದ್ದವರ ಅದುವರೆಗಿನ ಸೇವೆಯನ್ನು 'ಹಿಂದಿನ ಸೇವೆ'ಯೆಂದು ಬೇರೆಯಾಗಿಯೇ ಇಟ್ಟು ಅದಕ್ಕೊಂದು ಬೇರೆ ಲೆಕ್ಕ ಕೊಟ್ಟರು. ಮೊತ್ತ ಚಿಕ್ಕದು, ಕ್ರಮ ಸರಿಯಾದದ್ದು. 2016ರ ಅಧಿಸೂಚನೆಯಲ್ಲಿ ಅಂಥ ಒಂದು ಸಾಲಿದ್ದರೆ, ಇಂದಿನಿಂದ ಸೇರುವ ಹಣಕ್ಕೆ ಮಾತ್ರ ಹೊಸ ನಿಯಮವೆಂಬ ಒಂದು ಸಾಲಿದ್ದರೆ, ತುಮಕೂರು ರಸ್ತೆಯಲ್ಲಿ ಅಷ್ಟು ಜನ ಕುಳಿತಿರುತ್ತಿದ್ದರೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆ ವರ್ಷದ ಮಾರ್ಚಿನಲ್ಲಿ ಇನ್ನೊಂದು ಹಿಮ್ಮೆಟ್ಟುವಿಕೆ ಆಗಿಹೋಗಿತ್ತು. ಭವಿಷ್ಯನಿಧಿಯಿಂದ ತೆಗೆಯುವ ಹಣದ ಒಂದು ಭಾಗಕ್ಕೆ ಆದಾಯ ತೆರಿಗೆ ಹಾಕುವ ಮುಂಗಡಪತ್ರದ ಪ್ರಸ್ತಾಪವನ್ನು ಮಾರ್ಚ್ 8ರಂದು ಸರ್ಕಾರ ಕೈಬಿಟ್ಟಿತು. ಅದು ದೊಡ್ಡ ಸಂಬಳದವರ ಗಂಟು; ಅದಕ್ಕಾಗಿ ಲೇಖನಗಳು ಬಂದವು, ಚರ್ಚೆಗಳು ನಡೆದವು. ಹೆಂಗಸರ 257 ರೂಪಾಯಿಗೆ ಲೇಖನ ಬರೆಯುವವರಿರಲಿಲ್ಲ.

ಮಾತು ಅಲ್ಲಿಗೆ ಮುಗಿಯಲಿಲ್ಲ. 2025ರ ಅಕ್ಟೋಬರಿನಲ್ಲಿ ಭವಿಷ್ಯನಿಧಿಯ ಕೇಂದ್ರ ಮಂಡಳಿ, ಕೆಲಸ ಹೋದವರು ಖಾತೆಯನ್ನು ಪೂರ್ತಿ ಬರಿದುಮಾಡಲು ಕಾಯಬೇಕಾದ ಅವಧಿಯನ್ನು ಎರಡು ತಿಂಗಳಿನಿಂದ ಹನ್ನೆರಡು ತಿಂಗಳಿಗೂ, ಪಿಂಚಣಿಯ ಹಣಕ್ಕೆ ಮೂವತ್ತಾರು ತಿಂಗಳಿಗೂ ಏರಿಸಲು ತೀರ್ಮಾನಿಸಿತು. ಮುಕ್ಕಾಲು ಪಾಲನ್ನು ಕೂಡಲೇ ತೆಗೆಯಬಹುದು, ಕಾಲು ಪಾಲು ಉಳಿಯಬೇಕು ಎಂಬ ವಿವರಣೆಯೂ ಬಂತು. ಮುಪ್ಪಿಗೆ ಏನಾದರೂ ಉಳಿಯಲೆಂಬ ಕಳಕಳಿಯನ್ನು ನಾನು ಅಲ್ಲಗಳೆಯುವುದಿಲ್ಲ. ಕೈ ಬರಿದಾದ ಮುಪ್ಪನ್ನು ನಮ್ಮ ಬೀದಿಯಲ್ಲಿ ದಿನವೂ ಕಾಣುತ್ತೇನೆ.

ಹಿಂದಿನ ವಠಾರದ ಆ ತಾಯಿ 2018ರಲ್ಲಿ ಕೆಲಸ ಬಿಟ್ಟರು. ಒಂದೇ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ. ಭವಿಷ್ಯನಿಧಿಯ ಹಣ ಪೂರ್ತಿಯಾಗಿ ಬಂತು. ಮಗಳ ನರ್ಸಿಂಗ್ ಓದಿಗೆ ಹೋಯಿತು. ಹತ್ತು ವರ್ಷ ದಾಟಿದ್ದರಿಂದ ಪಿಂಚಣಿಯ ಪಾಲನ್ನು ತೆಗೆಯುವಂತಿಲ್ಲ. ಅದಕ್ಕೊಂದು ಪ್ರಮಾಣಪತ್ರ ಕೊಟ್ಟಿದ್ದಾರೆ. ಅದನ್ನು ತಂದು ನನ್ನಿಂದ ಓದಿಸಿಕೊಂಡರು. ಐವತ್ತೆಂಟು ತುಂಬಿದ ಮೇಲೆ, ಎಂದರೆ 2036ರಿಂದ, ತಿಂಗಳಿಗೆ ಸಾವಿರದ ಮುನ್ನೂರು ಚಿಲ್ಲರೆ ರೂಪಾಯಿ ಬರಬಹುದೆಂದು ಲೆಕ್ಕ ಹಾಕಿ ಹೇಳಿದೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಾರೆ. ಆಗಾಗ ಬೀದಿಯಲ್ಲಿ ಸಿಕ್ಕಿದಾಗ ಕೇಳುತ್ತಾರೆ: 'ಮೇಷ್ಟ್ರೇ, ಅಲ್ಲೀವರ್ಗೂ ರೂಲ್ಸು ಹಿಂಗೇ ಇರ್ತದಾ?'